ಮುಂದಿನ ಹೊಲ

ನದಿಯ ದಡದಲ್ಲಿ ಹಾರಾಟ ಕಲಿಸುವ ಒಂದು ಸಣ್ಣ ಶಾಲೆ. ಒಂದು ರನ್‌ವೇ, ವಿಮಾನ ನಿಲ್ಲಿಸಲು ತಗಡಿನ ಒಂದು ಹ್ಯಾಂಗರ್, ಇಬ್ಬರು ಕೂರುವ ಒಂದು ವಿಮಾನ. ಕಲಿಸುತ್ತಿದ್ದವರು ಉತ್ತಯ್ಯ. ವಯಸ್ಸು ಅರವತ್ತು ದಾಟಿತ್ತು, ಮಾತು ಕಡಿಮೆ.

ಅವರ ಶಿಷ್ಯೆ ಕಸ್ತೂರಿ, ಬಸ್ ಡ್ರೈವರ್ ಮಗಳು. ಅಪ್ಪ ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿ ಒಂದು ಗೀರೂ ಬೀಳಿಸಲಿಲ್ಲ ಎಂಬುದು ಅವಳ ಹೆಮ್ಮೆ. ಅವಳೂ ಹಾಗೆಯೇ. ಕೈಗೆ ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಹಿಂತಿರುಗಿಸುವವಳು.

ಆ ದಿನಗಳಲ್ಲಿ ನಡೆಯುತ್ತಿದ್ದುದು ಒಂದೇ ಪಾಠ: ಎಂಜಿನ್ನಿನ ಬಲವಿಲ್ಲದೆ ನೆಲಕ್ಕಿಳಿಯುವುದು.

ಮೇಲೆ ಹಾರುತ್ತಿರುವಾಗ ಉತ್ತಯ್ಯ ಸದ್ದಿಲ್ಲದೆ ಎಂಜಿನ್ನಿನ ವೇಗದ ಹಿಡಿಕೆಯಾದ ಥ್ರಾಟಲ್ ಹಿಂದಕ್ಕೆಳೆಯುತ್ತಿದ್ದರು. ಅಬ್ಬರಿಸುತ್ತಿದ್ದ ಎಂಜಿನ್ ಗೊಣಗತೊಡಗುತ್ತಿತ್ತು.

"ಎಂಜಿನ್ ಹೋಯ್ತು. ಎಲ್ಲಿ ಇಳೀತೀಯ?"

ಕಸ್ತೂರಿ ವಿಮಾನದ ಮೂಗು ತಗ್ಗಿಸಿ, ಗಾಳಿಯ ಮೇಲೆ ಜಾರುತ್ತಾ ಬಂದು, ರನ್‌ವೇ ಮೇಲೆ ಚಕ್ರ ಊರುತ್ತಿದ್ದಳು. ಹನ್ನೊಂದು ಸಲ ಇಳಿದಳು. ಹನ್ನೊಂದು ಸಲವೂ ರನ್‌ವೇ ಮೇಲೆಯೇ.

"ಸರ್, ಒಬ್ಬಳೇ ಹಾರೋಕೆ ಯಾವಾಗ ಬಿಡ್ತೀರಿ?"

"ನಿಂಗಿನ್ನೂ ಇಳಿಯೋಕೇ ಬರಲ್ಲ."

"ಒಂದು ಸಲನಾದ್ರೂ ರನ್‌ವೇ ತಪ್ಪಿದೀನಾ ಸರ್?"

"ಅದನ್ನೇ ಹೇಳಿದ್ದು," ಎಂದು ಉತ್ತಯ್ಯ ಹ್ಯಾಂಗರಿನ ಕಡೆ ನಡೆದುಬಿಟ್ಟರು.

ಮರುದಿನ ನೆಲ ಬಿಟ್ಟು ನಾನೂರು ಅಡಿಯೂ ಏರಿರಲಿಲ್ಲ, ಉತ್ತಯ್ಯ ಥ್ರಾಟಲ್ ಎಳೆದರು.

ಕಸ್ತೂರಿಯ ಕುತ್ತಿಗೆ ಹಿಂದಕ್ಕೆ ಹೊರಳಿತು. ಕುತ್ತಿಗೆಯ ಜೊತೆಗೇ ವಿಮಾನ ನಡೆಸುವ ಕೈಗಳೂ ಹೊರಳಿದವು. ರೆಕ್ಕೆ ಒಂದು ಕಡೆ ವಾಲಿತು, ನೆಲ ಓರೆಯಾಗಿ ಎದ್ದು ಬಂತು. ಉತ್ತಯ್ಯ ವಿಮಾನವನ್ನು ತಮ್ಮ ಕೈಗೆ ತೆಗೆದುಕೊಂಡು ನೇರ ಮಾಡಿದರು. ಎಂಜಿನ್ ಮತ್ತೆ ಅಬ್ಬರಿಸಿತು.

ಕೆಳಗಿಳಿದ ಮೇಲೆ ಕೇಳಿದರು. "ಯಾಕೆ ತಿರುಗಿಸಿದೆ?"

"ರನ್‌ವೇ ಹಿಂದಿತ್ತಲ್ಲ ಸರ್."

"ಅಷ್ಟು ಕೆಳಗಿದ್ದಾಗ ತಿರುಗಿಸಿದ್ರೆ ರೆಕ್ಕೆಗೆ ಗಾಳಿ ಸಾಲಲ್ಲ. ಕಲ್ಲು ಬಿದ್ದ ಹಾಗೆ ಬೀಳ್ತೀಯ. ಹೇಳಿರ್ಲಿಲ್ವಾ?"

"ಹೇಳಿದ್ರಿ."

"ಮುಂದೆ ಏನಿತ್ತು?"

ಮುಂದೆ ಅವಳು ನೋಡಿಯೇ ಇರಲಿಲ್ಲ.

"ಗೂಬೆ ಹಾಗೆ ಕುತ್ತಿಗೆ ತಿರುಗಿಸಿದ್ರೆ ಮುಂದಿಂದು ಹೇಗೆ ಕಾಣುತ್ತೆ? ಶೂ ಬಿಚ್ಚು. ಬಾ."

ಬರಿಗಾಲಲ್ಲಿ ಹೊಲ ಮೆಟ್ಟಿಸುವುದು ಉತ್ತಯ್ಯನವರ ಪದ್ಧತಿ. ಮೇಲಿನಿಂದ ಎಲ್ಲ ಹೊಲವೂ ಒಂದೇ ಹಸಿರು, ಒಂದೇ ಕಂದು. ಅಂಗಾಲಿಗೆ ಗೊತ್ತಾದದ್ದು ಆಮೇಲೆ ಕಣ್ಣಿಗೂ ಗೊತ್ತಾಗುತ್ತದೆ ಎನ್ನುತ್ತಿದ್ದರು. ರನ್‌ವೇ ಮುಗಿದಲ್ಲಿಂದ ಇಬ್ಬರೂ ನೇರ ನಡೆದರು.

ಮೊದಲು ಕಬ್ಬಿನ ಗದ್ದೆ. "ಇಲ್ಲಿ?"

"ಮೆತ್ತಗಿದೆ. ಇಳೀಬಹುದು ಸರ್."

"ಚಕ್ರ ಸಿಕ್ಕೊಂಡು ಮಗುಚಿ ಬೀಳ್ತೀಯ."

ಅದರಾಚೆ ಕೊಯ್ಲಾದ ಹುರುಳಿ ಹೊಲ. ಕೂಳೆ ಚುಚ್ಚುತ್ತಿತ್ತು, ಮಣ್ಣು ಗಟ್ಟಿಯಿತ್ತು.

"ಇಲ್ಲಿ?"

"ಇಳೀಬಹುದು. ಆದ್ರೆ ನಡುವೆ ಬದು ಇದೆ ಸರ್. ಚಕ್ರ ಮುರಿಯುತ್ತೆ."

"ಮುರೀಲಿ."

"ಇರೋದು ಒಂದೇ ವಿಮಾನ ಸರ್."

ಉತ್ತಯ್ಯ ಆ ಬದುವಿನ ಮೇಲೆ ಕುಳಿತರು.

"ನಿನಗಿಂತ ಮೊದಲು ಇನಾಯತ್ ಅಂತ ಒಬ್ಬ ಕಲೀತಿದ್ದ," ಎಂದರು. "ಎಂಜಿನ್ ನಿಂತು ಇದೇ ಹೊಲದಲ್ಲಿ ಇಳಿಸಿದ. ಇದೇ ಬದುಗೆ ಬಡಿದು ಚಕ್ರ ಮುರೀತು. ಅವನಿಗೆ ಏನೂ ಆಗಿರ್ಲಿಲ್ಲ, ಇಲ್ಲೇ ನಿಂತಿದ್ದ. ನಾನು ಓಡಿ ಬಂದೆ. ವಿಮಾನಕ್ಕೆ ಒಂದು ಸುತ್ತು ಹಾಕಿ ನೋಡಿದೆ. ಆಮೇಲೆ ಅವನ ಮುಖ ನೋಡಿದೆ."

"ಬೈದ್ರಾ ಸರ್?"

"ಒಂದು ಮಾತೂ ಬೈಲಿಲ್ಲ."

ಕಸ್ತೂರಿಯೂ ಬದುವಿನ ಮೇಲೆ ಅವರ ಪಕ್ಕ ಕುಳಿತಳು.

"ಮುಂದಿನ ವರ್ಷ ಮತ್ತೆ ಎಂಜಿನ್ ನಿಂತಿತು. ಹೊಲ ಎದುರಿಗೇ ಇತ್ತು. ಅವನು ರನ್‌ವೇ ಕಡೆ ತಿರುಗಿಸಿದ."

ಕಬ್ಬಿನ ಗದ್ದೆಯ ಅಂಚಿನಲ್ಲಿ ಒಂದು ಜಾಲಿ ಮರವಿತ್ತು. ಅದರ ಒಂದು ಪಕ್ಕಕ್ಕೆ ಕೊಂಬೆಯೇ ಇರಲಿಲ್ಲ. ಉತ್ತಯ್ಯ ಆ ಕಡೆ ಕೈ ತೋರಿಸಿದರು, ತಾವು ನೋಡಲಿಲ್ಲ.

ಅವತ್ತಿನಿಂದ ಮೂರು ವಾರ ಬೇರೆ ಪಾಠವಿರಲಿಲ್ಲ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಥ್ರಾಟಲ್ ಹಿಂದಕ್ಕೆ ಹೋಗುತ್ತಿತ್ತು. ಹುರುಳಿ ಹೊಲದ ಕೂಳೆ ಕಾಣುವಷ್ಟು ಕೆಳಗೆ ಬಂದ ಮೇಲೆ ಮತ್ತೆ ಮುಂದಕ್ಕೆ. ಕೊನೆಗೆ ಒಂದು ಬೆಳಿಗ್ಗೆ ಉತ್ತಯ್ಯ ವಿಮಾನದಿಂದ ಇಳಿದು ಬಾಗಿಲು ಹಾಕಿದರು.

"ಒಂದು ಸುತ್ತು ಹೋಗಿ ಬಾ."

ಕಸ್ತೂರಿ ಒಬ್ಬಳೇ ಏರಿದಳು. ನೂರು ಅಡಿ. ಇನ್ನೂರು. ಮುನ್ನೂರು. ಎಂಜಿನ್ ಒಮ್ಮೆ ಕೆಮ್ಮಿತು, ಎರಡನೆಯ ಸಲ ಕೆಮ್ಮಿತು, ನಿಂತಿತು.

ಅಭ್ಯಾಸದಲ್ಲಿ ಗೊಣಗಾಟವಾದರೂ ಇರುತ್ತಿತ್ತು. ಈಗ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ.

ಕುತ್ತಿಗೆ ಹಿಂದಕ್ಕೆ ಎಳೆಯಿತು. ಹಿಂದೆ ರನ್‌ವೇ ಇತ್ತು. ಅದರ ಅಂಚಿನಲ್ಲಿ ಗುರುಗಳು ನಿಂತಿದ್ದರು. ಇರುವ ಒಂದೇ ವಿಮಾನ ಅವಳ ಕೈಯಲ್ಲಿತ್ತು. ಅಪ್ಪನ ಇಪ್ಪತ್ತೆಂಟು ವರ್ಷ ಅವಳ ಕುತ್ತಿಗೆಯ ಮೇಲೆ ಕೂತಿತ್ತು.

ಮುಂದೆ ಹುರುಳಿ ಹೊಲ ಇತ್ತು.

ಕಸ್ತೂರಿ ಮೂಗು ತಗ್ಗಿಸಿದಳು. ನೇರ ಹೋದಳು.

ಚಕ್ರ ಕೂಳೆಯ ಮೇಲೆ ಓಡಿತು. ಬದು ಬಂತು. ಎಡಗಡೆ ಏನೋ ಲಟಕ್ಕೆಂದಿತು. ವಿಮಾನ ವಾಲಿ, ಅರ್ಧ ಸುತ್ತು ತಿರುಗಿ, ಪ್ರೊಪೆಲರ್ ಮಣ್ಣಿಗೆ ಊರಿ ನಿಂತಿತು. ಅವಳು ಬೆಲ್ಟು ಬಿಚ್ಚಿ, ಹೊರಗೆ ತೆವಳಿ, ಕೂಳೆಯ ಮೇಲೆ ಕುಳಿತಳು. ಒಂದು ಗೀರೂ ಬೀಳಿಸದವನ ಮಗಳು ಮುರಿದ ಚಕ್ರವನ್ನೇ ನೋಡುತ್ತಾ ಅತ್ತಳು.

ಉತ್ತಯ್ಯ ಕಬ್ಬಿನ ಗದ್ದೆಯ ಬದಿಯಿಂದ ಓಡಿ ಬರುತ್ತಿದ್ದರು. ಎರಡು ಸಲ ಬಿದ್ದು ಎದ್ದರು. ಒಂದು ಕಾಲಿನ ಶೂ ಎಲ್ಲೋ ಉಳಿದಿತ್ತು.

ಬಂದವರು ಅವಳ ತಲೆ ಮುಟ್ಟಿದರು. ಭುಜ ಮುಟ್ಟಿದರು. ಎರಡೂ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಚಿ, ಬಿಡಿಸಿ ನೋಡಿದರು. ಆಮೇಲೆ ವಿಮಾನಕ್ಕೆ ಬೆನ್ನು ಹಾಕಿ, ಅವಳ ಎದುರು ಮಣ್ಣಿನಲ್ಲಿ ಕುಳಿತರು.

ಕಸ್ತೂರಿ ಕಣ್ಣೊರೆಸಿಕೊಂಡು ಅವರ ಬೆನ್ನಾಚೆಗೆ ಕೈ ತೋರಿಸಿದಳು.

"ಸರ್, ಎಡಗಡೆ ಚಕ್ರ ಹೋಗಿದೆ. ಪ್ರೊಪೆಲರ್ ಬಾಗಿದೆ. ಒಂದು ಸಲ ನೋಡಿ ಸರ್."

ಉತ್ತಯ್ಯ ತಿರುಗಲಿಲ್ಲ.

"ಅವತ್ತು ನೋಡಿದ್ದೆನಲ್ಲಮ್ಮ. ಸಾಕು."