ಮೋಡಕ್ಕೆ ಬರೆದ ರಂಗೋಲಿ

ತಿಪಟೂರಿನ ಟೈಲರ್ ಪಂಕಜಮ್ಮನ ಕತ್ತರಿಗೂ ಮಾತಿಗೂ ಒಂದೇ ಹರಿತ. ಅವರ ಪಕ್ಕದ ಮನೆಯ ನಿವೃತ್ತ ಓವರ್‌ಸಿಯರ್ ಚನ್ನವೀರಯ್ಯ ಒಂದು ಡ್ರೋನ್ ಕೊಂಡರು. ಪಂಕಜಮ್ಮ ತಲೆಗೆ ನೀರು ಹಾಕಿಕೊಂಡು ತಾರಸಿಯಲ್ಲಿ ಕೂದಲು ಒಣಗಿಸೋಕೆ ಕೂತರೆ ಸಾಕು, ಅದು ಗುಂಯ್‌ಗುಡುತ್ತ ಬಂದು ನೆತ್ತಿಯ ಮೇಲೇ ನಿಲ್ಲುತ್ತಿತ್ತು.

ಹೋಗಿ ಕೇಳಿದ್ದಕ್ಕೆ ಚನ್ನವೀರಯ್ಯ ಎದೆ ಉಬ್ಬಿಸಿ, "ಆಕಾಶ ಏನು ನಿಮ್ಮ ಮನೆ ಆಸ್ತಿನೇನಮ್ಮಾ? ನನ್ನ ಡ್ರೋನ್ ನೋಡೋದು ಮೋಡನ. ನಿಮ್ಮ ತಾರಸಿ ಯಾರಿಗೆ ಬೇಕು?" ಅಂದರು.

"ಹಾಗಾದ್ರೆ ಸರಿ ಸಾರ್," ಅಂದು ಪಂಕಜಮ್ಮ ಬಂದುಬಿಟ್ಟರು.

ಭಾನುವಾರ ಚನ್ನವೀರಯ್ಯನವರ ಮನೆಗೆ ಬೀಗರು ಬಂದಿದ್ದರು. ಅವರಿಗೆ ತೋರಿಸೋಕೆ ಡ್ರೋನ್ ಹಾರಿತು. ಅದು ಕಂಡದ್ದೆಲ್ಲ ಟಿವಿಯಲ್ಲಿ ಮೂಡಿತು. ಮೂಡಿದ್ದು ಪಂಕಜಮ್ಮನ ತಾರಸಿ! ಅದರ ತುಂಬ ರಂಗೋಲಿಯಲ್ಲಿ ಮೊಳದುದ್ದದ ಅಕ್ಷರ: "ಚನ್ನವೀರಯ್ಯನವರೇ, ಹೋದ ಯುಗಾದಿಗೆ ಒಯ್ದ ನಮ್ಮ ಏಣಿ ಯಾವಾಗ ಕೊಡ್ತೀರಿ?"

ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚನ್ನವೀರಯ್ಯ ಧುಮುಗುಡುತ್ತ ಓಡಿ ಬಂದರು.

"ಮೊದಲು ಅದನ್ನ ಅಳಿಸಿ! ಬೀಗರ ಮುಂದೆ ನನ್ನ ಮರ್ಯಾದೆ ಹೋಯ್ತು!"

ಪಂಕಜಮ್ಮ ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದರು: "ಅಯ್ಯೋ, ನಾನು ಬರೆದಿದ್ದು ನಮ್ಮ ತಾರಸಿ ಮೇಲಲ್ವಾ ಸಾರ್? ಬೀದಿಯಿಂದ ಕಾಣೋದೇ ಇಲ್ಲ. ಅದೇನು, ಮೋಡದ ಮೇಲೂ ಮೂಡಿಬಿಡ್ತಾ?"

ಚನ್ನವೀರಯ್ಯ ಬಂದ ದಾರಿಯಲ್ಲೇ ವಾಪಸ್ ಹೊರಟರು.

ಸಂಜೆಗೆ ಏಣಿ ವಾಪಸ್ ಬಂತು. ಮರುದಿನ ಬೆಳಗ್ಗೆ ಚನ್ನವೀರಯ್ಯನವರೂ ಬಂದರು, ತಲೆ ತಗ್ಗಿಸಿಕೊಂಡು.

"ಒಂದು ಗಳಿಗೆ ಏಣಿ ಕೊಡ್ತೀರಾ ಅಮ್ಮಾ? ಡ್ರೋನನ್ನ ಅಟ್ಟಕ್ಕೆ ಹಾಕಬೇಕು."