ಹೆಗ್ಗವಣೆಯ ಹಗ್ಗ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಮಲ್ಲಾಂಬೆಯವರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವನ ತಲೆ ಅಮಾವಾಸ್ಯೆಗೆ ಹೋಗುತ್ತದೆ!"

ಕಲ್ಲುಮರಡಿಯ ಬೀದಿಯಲ್ಲಿ ಡಂಗುರದವನು ಹೀಗೆ ಸಾರುತ್ತಿದ್ದರೆ, ಸೆರೆಮನೆಯ ಕಿಂಡಿಯಲ್ಲಿ ಕಿವಿಯಿಟ್ಟ ಓಬ ನಕ್ಕುಬಿಟ್ಟ. ಅವನ ತಲೆ ಹೇಗೂ ಅದೇ ಅಮಾವಾಸ್ಯೆಗೆ ಹೋಗುವುದಿತ್ತು. ಇರುವುದೊಂದು ತಲೆ, ಎರಡು ಸಲ ಕಡಿಯಲು ಆಗುತ್ತದೆಯೇ? ತನ್ನನ್ನೂ ಕರೆದುಕೊಂಡು ಹೋಗಿ ಎಂದು ಕಾವಲಿನವರ ಬೆನ್ನು ಬಿದ್ದ.

ಅವನು ಮಾಡಿದ ತಪ್ಪಾದರೂ ಏನು ಅಂತೀರಿ? ಹಗ್ಗ ಹೊಸೆಯುವವನು ಒಂದು ಹಗ್ಗ ಹೊಸೆದ, ಅಷ್ಟೇ. ಆ ಸೀಮೆಯ ಕೋಟೆಯ ಮೇಲೆ ಹೆಗ್ಗವಣೆ ಅಂತ ಒಂದು ಯಂತ್ರವಿತ್ತು. ದೊರೆ ಹೊನ್ನರಸನ ತಾತ ಕಟ್ಟಿಸಿದ್ದು, ಬಂಡೆ ಎಸೆಯುವ ದೈತ್ಯ ಕವಣೆ. ಅದರ ಹಗ್ಗವನ್ನು ವರ್ಷವರ್ಷವೂ ಹೊಸದು ಮಾಡಬೇಕು. ನಾಡಿನಲ್ಲಿ ಬೆಳೆದ ಸೆಣಬಿನ ನಾರೆಲ್ಲ ಅದಕ್ಕೇ ಸಲ್ಲಬೇಕು, ಗಾಣದ ಎಣ್ಣೆಯಲ್ಲಿ ಅರ್ಧ ಅದರ ಕೀಲುಗಳಿಗೇ. ಬಾವಿಗಳಲ್ಲಿ ನೀರಿತ್ತು, ಸೇದಲು ಹಗ್ಗವಿರಲಿಲ್ಲ. ತುಂಬು ಬಸುರಿ ನಿಂಗಿ, ಓಬನ ಹೆಂಡತಿ, ಕೊಡ ಹೊತ್ತು ಹರದಾರಿ ದೂರದ ಹಳ್ಳಕ್ಕೆ ಹೋಗಿ ಬರುತ್ತಿದ್ದಳು. ಒಂದು ದಿನ ದಾರಿಯಲ್ಲೇ ಕುಸಿದಳು. ಓಬ ಒಂದಿಷ್ಟು ನಾರು ಮುಚ್ಚಿಟ್ಟು ಬಾವಿಗೊಂದು ಹಗ್ಗ ಮಾಡಿದ, ಸಿಕ್ಕಿಬಿದ್ದ. ಹೆಗ್ಗವಣೆಯ ನಾರು ಕದ್ದರೂ ಸಾವು, ಅದರ ವಿರುದ್ಧ ಒಂದು ಮಾತಾಡಿದರೂ ಸಾವು. ತಾತನ ಕಾಲದ ಕಟ್ಟಳೆ, ಯಾರು ಮುರಿಯುತ್ತಾರೆ?

ಆಸ್ಥಾನ ತುಂಬಿತ್ತು, ಕಾವಲಿನವರು ಓಬನನ್ನೂ ತಂದು ನಿಲ್ಲಿಸಿದ್ದರು. ರಾಜಕುಮಾರಿ ಮೊದಲನೆಯದನ್ನು ಕೇಳಿದಳು: "ನಮ್ಮ ಮನೆಯಲ್ಲೊಬ್ಬ ಅಳಿಯನಿದ್ದಾನೆ. ಮೈಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾನೆ, ಹೊಸದು ಉಡಿಸಿಕೊಳ್ಳುತ್ತಾನೆ. ಒಂದು ದಿನವೂ ಕೆಲಸಕ್ಕೆ ಎದ್ದವನಲ್ಲ. ಯಾರವನು?"

ಪಕ್ಕದ ನಾಡಿನ ರಾಜಕುಮಾರ ಪಟ್ಟದಾನೆ ಅಂದ. ಆನೆ ಮೆರವಣಿಗೆಗಾದರೂ ಏಳುತ್ತದಲ್ಲ ಅಂದಳು ಅವಳು. ಶಾಸ್ತ್ರಿಯೊಬ್ಬ ಗುಡಿಯ ದೇವರು ಅಂದ. ದೇವರು ಕರೆದರೆ ಬರುತ್ತಾನಪ್ಪ ಅಂದಳು. ಸಾಹುಕಾರನ ಮಗನೊಬ್ಬ "ಹೆ..." ಎಂದು ಶುರುಮಾಡಿ, ದಳವಾಯಿ ಬೆಟ್ಟಪ್ಪನ ಮುಖ ನೋಡಿ, ಉಗುಳು ನುಂಗಿ, "ಹೆಬ್ಬಾವು" ಅಂದುಬಿಟ್ಟ. ಮೂವರನ್ನೂ ಎಳೆದುಕೊಂಡು ಹೋದರು. ಓಬನಿಗೆ ಆಗ ಗೊತ್ತಾಯಿತು, ಉತ್ತರ ಎಲ್ಲರಿಗೂ ಗೊತ್ತು, ಬಾಯಿ ಮಾತ್ರ ಯಾರಿಗೂ ಇಲ್ಲ.

ಅವನ ಸರದಿ ಬಂತು. "ಹೆಗ್ಗವಣೆ, ತಾಯಿ," ಅಂದ.

ದಳವಾಯಿ ಕತ್ತಿಗೆ ಕೈ ಹಾಕಿದ. ಮೂರೂ ಮುಗಿಯಲಿ ಎಂದು ರಾಜಕುಮಾರಿ ಅವನನ್ನು ತಡೆದು ಎರಡನೆಯದನ್ನು ಕೇಳಿದಳು: "ಕಳ್ಳರನ್ನು ಬೆದರಿಸಲು ಕಟ್ಟಿದ್ದು. ಕಳ್ಳರು ನಗುತ್ತಾರೆ, ಮನೆಯವರೇ ನಡುಗುತ್ತಾರೆ. ಏನದು?"

"ಅದೂ ಹೆಗ್ಗವಣೆನೇ," ಅಂದ ಓಬ, ಮತ್ತು ಬಿಡಿಸಿ ಹೇಳಿದ. ಹೋದ ಸುಗ್ಗಿಯಲ್ಲಿ ಕುದುರೆ ಏರಿದ ಕಳ್ಳರು ಬಂದು ದನ ಹೊಡೆದುಕೊಂಡು ಹೊರಟಿದ್ದರು. ಹೆಗ್ಗವಣೆಯ ಮೂತಿ ತಿರುಗಿಸಲು ಊರೂರಿನ ಎತ್ತು ಕಟ್ಟಿ ಎಳೆಯುವಷ್ಟರಲ್ಲಿ ಅವರು ಗಡಿ ದಾಟುವವರಿದ್ದರು. ಕೊನೆಗೆ ಅಡ್ಡಗಟ್ಟಿದವರು ಕುರಿಗಾಹಿಗಳು, ಅಂಗೈಯಗಲದ ಕೈಗವಣೆ ಬೀಸಿ. ಒಂದೊಂದಕ್ಕೆ ಹಿಡಿ ನಾರು ಸಾಕು, ಈಗ ಅದಕ್ಕೂ ಗತಿಯಿಲ್ಲ.

ದೊರೆ ಹೊನ್ನರಸ ಮುದುಕ. ಸಿಂಹಾಸನದಲ್ಲಿ ಸ್ವಲ್ಪ ಮುಂದಕ್ಕೆ ಬಾಗಿದ.

"ಮೂರನೆಯದು," ಅಂದಳು ರಾಜಕುಮಾರಿ. "ಅದನ್ನು ಕೊಲ್ಲುವ ಆಯುಧ ಒಂದಿದೆ. ಕಬ್ಬಿಣದ್ದಲ್ಲ, ಮರದ್ದಲ್ಲ. ಬಡವನ ಹತ್ತಿರವೂ ಇದೆ, ದೊರೆಯ ಹತ್ತಿರವೂ ಇದೆ. ಯಾವುದು?"

ಓಬ ಈಗ ಅವಳ ಕಡೆ ನೋಡಲಿಲ್ಲ, ನೆಟ್ಟಗೆ ದೊರೆಯ ಕಡೆ ತಿರುಗಿದ.

"ನಾರು ಕೊಡಲ್ಲ ಅನ್ನೋ ಮಾತು, ಬುದ್ಧಿ. ನಾನು ಅಂದೆ, ನನ್ನ ತಲೆ ಹೋಗ್ತಾ ಇದೆ. ನೀವು ಅಂದರೆ ಯಾರ ತಲೆಯೂ ಹೋಗಲ್ಲ."

ದೊರೆ ಮಗಳನ್ನು ನೋಡಿದ. ಹೆಗ್ಗವಣೆಯ ವಿರುದ್ಧ ಮಾತಾಡುವುದಿಲ್ಲ ಎಂದು ಅಪ್ಪನ ಮುಂದೆ ಆಣೆ ಮಾಡಿದ್ದವಳು ಅವಳು. ಮೂರೂ ಸರಿ ಅಂದಳು. ಆಣೆ ಮುರಿದಿಲ್ಲ, ಬರೀ ಕೇಳಿದ್ದೇನೆ ಎಂದು ತಲೆ ತಗ್ಗಿಸಿದಳು. ದಳವಾಯಿಗೆ ತಡೆಯಲಾಗಲಿಲ್ಲ. ತಾತನವರ ಹೆಸರೇನು, ಕೋಟೆಯ ಮರ್ಯಾದೆಯೇನು ಎಂದು ಕೂಗಾಡಿ, ಹೊಸ ಹಗ್ಗಕ್ಕೆ ನಾಳೆಯೇ ನಾರು ಬರಬೇಕು, ಅಪ್ಪಣೆಯಾಗಲಿ ಎಂದು ಕೈಮುಗಿದ.

ದೊರೆ ಬಾಯಿ ತೆರೆದ. ಹುಟ್ಟಿದಂದಿನಿಂದ ಅವನು ಅಂದಿರದ ಮಾತು ಅದು, ನಾಲಗೆ ತೊಡರಿತು.

"ಕೊಡಲ್ಲ, ಬೆಟ್ಟಪ್ಪ," ಅಂದ.

ಅಷ್ಟೇ. ಕಟ್ಟಳೆ ಮುರಿದು ಬಿತ್ತು. ಏನು ಬೇಕು ಕೇಳು ಅಂದರೆ ಓಬ, ಮೊದಲು ನನ್ನ ತಲೆ, ಆಮೇಲೆ ಸೆರೆಯಲ್ಲಿರುವ ಆ ದೊಡ್ಡ ಮನೆಯವರ ತಲೆಗಳು, ಆಮೇಲೆ ಹೆಗ್ಗವಣೆಯ ಹಗ್ಗ ಅಂದ. ರಾಜಕುಮಾರ, ಶಾಸ್ತ್ರಿ, ಸಾಹುಕಾರನ ಮಗ, ಮೂವರೂ ಕೋಟೆಯ ಮೇಲೆ ಕೂತು ಅಂಗೈ ಕಿತ್ತುಹೋಗುವ ಹಾಗೆ ಅದನ್ನು ಬಿಚ್ಚಿದರು. ಹಾಗೆ ಬಿಚ್ಚುತ್ತಾ ಒಬ್ಬನೂ ಗೊಣಗಲಿಲ್ಲ, ಕತ್ತು ಉಳಿದ ಖುಷಿ. ಊರೂರಿನ ಬಾವಿಗೆ ಹಗ್ಗವಾಯಿತು, ಕುರಿಗಾಹಿಗಳಿಗೆ ಕವಣೆಯಾಯಿತು, ಗಡಿಯಲ್ಲಿ ಕಳ್ಳರ ಸದ್ದಡಗಿತು.

ಓಬನಿಗೂ ರಾಜಕುಮಾರಿಗೂ ಮದುವೆ ಯಾಕೆ ಆಗಲಿಲ್ಲ ಅಂತ ಕೇಳಬೇಡಿ. ಕತೆಯ ಅರ್ಧದಲ್ಲಿ ನಿದ್ದೆ ಹೋಗಿದ್ದವರು ಕೇಳುವ ಮಾತು ಅದು. ಅವನು ಊರಿಗೆ ಬಂದಾಗ ನಿಂಗಿ ಗಂಡನ ಆಸೆ ಬಿಟ್ಟು ಹೊಸಿಲಲ್ಲಿ ಕೂತಿದ್ದಳು. ಅವನನ್ನು ಕಂಡು ಮೊದಲು ಬೈದಳು, ಆಮೇಲೆ ಅತ್ತಳು. ಓಬ ಅವಳನ್ನು ಅಲ್ಲೇ ಕೂರಿಸಿ, ತಾನೇ ಬಾವಿಗೆ ಕೊಡ ಇಳಿಬಿಟ್ಟು ನೀರು ಸೇದಿ ತಂದು ಕುಡಿಸಿದ.

ಅಲ್ಲಿ ಅವಳ ದಾಹ ತೀರಿತು. ಇಲ್ಲಿ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ, ಯಾರಾದರೂ ಎದ್ದು ಒಂದು ಚೆಂಬು ನೀರು ಕೊಡಿ.