ಹಗ್ಗದ ನಡುಕ

“ಅಯ್ಯನವರೇ, ಉತ್ತರವನ್ನೇ ಕೊಡದ ದೇವರನ್ನು ನಂಬುವುದು ಹೇಗೆ?”

ಕೇಳಿದವನು ಶಾಂತರಾಜ. ಊರಿನ ಚಿಕ್ಕ ಕ್ರೈಸ್ತ ಸಭೆಯಲ್ಲಿ ಭಾನುವಾರದ ಪ್ರಾರ್ಥನೆಯನ್ನು ಅವನೇ ನಡೆಸುತ್ತಿದ್ದ. ಅಯ್ಯನವರು ಅವನ ಗುರುಗಳು, ವಯಸ್ಸಾದ ಸಭಾಪಾಲಕರು. ಅವನಿಗೆ ಸತ್ಯವೇದವನ್ನು ಓದಲು ಕಲಿಸಿದವರು ಅವರು. ಅವನ ಮದುವೆ ಮಾಡಿಸಿದವರು ಅವರು. ಕಳೆದ ತಿಂಗಳು ಅವನ ಹೆಂಡತಿ ರಾಹೇಲಳನ್ನು ಮಣ್ಣಿಗೆ ಒಪ್ಪಿಸಿದವರೂ ಅವರೇ.

ಶಾಂತರಾಜ ಬರುವಾಗ ಪ್ರಾರ್ಥನಾಲಯದ ಕೀಲಿಯನ್ನು ತಂದಿದ್ದ. ಅದನ್ನು ಜಗುಲಿಯ ಮೇಲೆ, ಇಬ್ಬರ ನಡುವೆ ಇಟ್ಟ.

“ಇದನ್ನು ಬೇರೆ ಯಾರಿಗಾದರೂ ಕೊಡಿ. ನಾಳೆ ಭಾನುವಾರ. ಕರ್ತನು ಕೇಳುತ್ತಾನೆ ಎಂದು ನಾನು ಜನರ ಮುಂದೆ ನಿಂತು ಹೇಳಲಾರೆ. ರಾಹೇಲ ಹಾಸಿಗೆ ಹಿಡಿದಿದ್ದಷ್ಟು ಕಾಲವೂ ಬೇಡಿದೆ. ಉಳಿಸುತ್ತೇನೆ ಎಂದೇ ಹೇಳು ಅಂತ ಹಟ ಹಿಡಿಯಲಿಲ್ಲ. ಉಳಿಸುವುದಿಲ್ಲ ಎಂದಾದರೂ ಹೇಳು ಅಂದೆ. ನಾನು ಇಲ್ಲಿದ್ದೇನೆ ಎಂದಾದರೂ ಹೇಳು ಅಂದೆ. ಒಂದು ಮಾತೂ ಬರಲಿಲ್ಲ. ಅವಳು ಹೋದಳು. ಆಮೇಲೆ ನಾನು ಪ್ರಾರ್ಥನೆ ಮಾಡಿಲ್ಲ.”

“ಕರ್ತನನ್ನು ಬೈದೆಯಾ?” ಎಂದು ಗುರುಗಳು ಕೇಳಿದರು.

“ಮೊದಲು ಬೈದೆ. ಈಗ ಅದನ್ನೂ ಬಿಟ್ಟಿದ್ದೇನೆ.”

ಗುರುಗಳು ಕೀಲಿಯನ್ನು ಮುಟ್ಟಲಿಲ್ಲ. “ಒಂದು ಕತೆ ಹೇಳುತ್ತೇನೆ. ಕೇಳಿ ಆಮೇಲೆ ಹೋಗು” ಎಂದರು. ಅವರು ಹೇಳಿದ ಕತೆ ಇದು.

ಇಬ್ಬರು ಅಣ್ಣತಮ್ಮಂದಿರು ಬಾವಿ ತೋಡಿ ಬದುಕುತ್ತಿದ್ದರು. ತಮ್ಮ ಕೆಳಗಿಳಿದು ಅಗೆಯುವವನು. ಅಣ್ಣ ಮೇಲೆ ಇದ್ದು ಹಗ್ಗ ನೋಡಿಕೊಳ್ಳುವವನು. ಅವರ ಕಸುಬಿನಲ್ಲಿ ಒಂದು ಕಟ್ಟಳೆ ಇತ್ತು. ಇಳಿಯುವವನು ಎಷ್ಟೇ ನುರಿತವನಾಗಿರಲಿ, ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳದೆ ಇಳಿಯಕೂಡದು. ಹಗ್ಗದ ಇನ್ನೊಂದು ತುದಿಯನ್ನು ಬಾವಿಯ ಬಾಯಿಯ ಹತ್ತಿರ ನೆಲಕ್ಕೆ ಹೊಡೆದ ಗೂಟಕ್ಕೆ ಸುತ್ತಿ ಕಟ್ಟುತ್ತಿದ್ದರು. ಭಾರ ಬಿದ್ದರೆ ಗೂಟ ತಡೆಯುತ್ತಿತ್ತು. ಅಣ್ಣ ಗೂಟದ ಪಕ್ಕದಲ್ಲಿ ಕುಳಿತಿರುತ್ತಿದ್ದ. ಕೆಲಸ ಮುಗಿದ ಮೇಲೆ ಊರಿನ ಗಂಡಸರು ಬಂದು ಕೈಜೋಡಿಸಿ ತಮ್ಮನನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು.

ಬಾವಿಯ ತಳದಲ್ಲಿ ಕತ್ತಲೆ. ಅಲ್ಲಿ ಒಬ್ಬನೇ ಇದ್ದರೆ ಎಂಥವನಿಗೂ ದಿಗಿಲಾಗುತ್ತದೆ. ಅದಕ್ಕಾಗಿ ಅಣ್ಣ ದಿನವಿಡೀ ಬಾವಿಯೊಳಕ್ಕೆ ಮಾತಾಡುತ್ತಿದ್ದ. ಮೇಲೆ ಯಾರು ಬಂದರು, ಯಾರು ಹೋದರು, ಯಾರ ಮನೆಯಲ್ಲಿ ಏನು ಅಡುಗೆ, ಎಲ್ಲವನ್ನೂ ಕೆಳಕ್ಕೆ ಕೂಗಿ ಹೇಳುತ್ತಿದ್ದ.

“ತಮ್ಮಾ, ನಿಮ್ಮತ್ತೆ ಈ ಕಡೆಗೇ ಬರುತ್ತಿದ್ದಾಳೆ. ಮೇಲೆ ಬರಬೇಡ, ಅಲ್ಲೇ ಇರು.”

“ಅವಳನ್ನು ಇಲ್ಲಿಗೆ ಮಾತ್ರ ಇಳಿಸಬೇಡ, ಅಣ್ಣಾ. ಮೊದಲೇ ಇಲ್ಲಿ ಗಾಳಿ ಕಡಿಮೆ.”

ಹೀಗೆ ಎಷ್ಟೋ ವರ್ಷ ನಡೆಯಿತು. ತನ್ನನ್ನು ಹಿಡಿದಿರುವುದು ಅಣ್ಣನ ದನಿಯೇ ಎಂದು ತಮ್ಮನಿಗೆ ತಿಳಿಯದೆಯೇ ಅನ್ನಿಸಿಬಿಟ್ಟಿತ್ತು. ಸೊಂಟದ ಹಗ್ಗದ ಕಡೆಗೆ ಅವನ ಗಮನವೇ ಹೋಗುತ್ತಿರಲಿಲ್ಲ.

ಒಂದು ಊರಿನಲ್ಲಿ ಅವರು ಬಾವಿ ತೋಡುತ್ತಿದ್ದರು. ಆಳ ಸಾಕಷ್ಟಾಗಿತ್ತು, ನೀರು ಬಂದಿರಲಿಲ್ಲ. ಒಂದು ಮಧ್ಯಾಹ್ನ ಊರಿನವರು ಊಟಕ್ಕೆ ಹೋಗಿದ್ದರು. ತಮ್ಮ ತಳದ ಚಪ್ಪಡಿಯ ಸಂದಿಗೆ ಹಾರೆ ಹಾಕಿ ಮೀಟಿದ. ಚಪ್ಪಡಿ ಎದ್ದಿತು. ಅದರ ಅಡಿಯಲ್ಲಿ ಪೊಳ್ಳು ಇತ್ತು. ಚಪ್ಪಡಿ, ಹಾರೆ, ಅವನು ನಿಂತಿದ್ದ ನೆಲ ಎಲ್ಲವೂ ಒಳಕ್ಕೆ ಕುಸಿದವು. ನೀರು ಸದ್ದು ಮಾಡುತ್ತ ಉಕ್ಕಿತು.

ಅವನು ಹಗ್ಗದಲ್ಲಿ ಜೋತುಬಿದ್ದ. ಮೇಲೆ ಏನೋ ಕಿತ್ತುಬಂದ ಸದ್ದಾಯಿತು. ಅವನು ಇನ್ನಷ್ಟು ಕೆಳಕ್ಕೆ ಜಾರಿದ. ಒಂದು ಜಗ್ಗಿಗೆ ನಿಂತ. ಕಾಲಿಗೆ ನೆಲ ಸಿಗಲಿಲ್ಲ. ಮೊಣಕಾಲಿನವರೆಗೆ ಕೆಸರುನೀರು ಸುತ್ತುತ್ತಿತ್ತು.

“ಅಣ್ಣಾ!” ಎಂದು ಕೂಗಿದ.

ಅಣ್ಣ ಮಾತಾಡಲಿಲ್ಲ.

“ಅಣ್ಣಾ, ಇದ್ದೀಯಾ? ಎಳೆ! ಎಳೆಯಲಾಗದಿದ್ದರೆ ಒಂದು ಸಲ ‘ಓ’ ಅನ್ನು, ಅಷ್ಟೇ ಸಾಕು.”

ಓ ಎನ್ನುವ ಸದ್ದೂ ಬರಲಿಲ್ಲ. ದಿನವಿಡೀ ನಿಲ್ಲದ ಬಾಯಿ ಆ ಹೊತ್ತಿಗೆ ಸರಿಯಾಗಿ ನಿಂತುಹೋಗಿತ್ತು. ತಮ್ಮ ಬೇಡಿಕೊಂಡ. ಬೇಡಿ ಸಾಕಾಗಿ ಬೈಯತೊಡಗಿದ.

“ಮಾತಿನ ಮಲ್ಲ! ಕೆಲಸವಿಲ್ಲದಾಗ ಬಾಯಿ ಮುಚ್ಚದವನು ಈಗ ಎಲ್ಲಿ ಸತ್ತೆ? ಸಾರಿನ ವಾಸನೆ ಬಂತೇನು, ಎದ್ದು ಓಡಿದೆಯಾ? ಇಂಥವನ ಕೈಯಲ್ಲಿ ನನ್ನ ಕೈ ಇಟ್ಟು ಅವ್ವ ಕಣ್ಣು ಮುಚ್ಚಿದಳಲ್ಲ!”

ಅವನ ದನಿಯೇ ಗೋಡೆಗೆ ತಾಗಿ ಅವನಿಗೆ ಮರಳಿ ಕೇಳಿಸಿತು. ಬೈದು ಬೈದು ಅವನು ಸುಮ್ಮನಾದ.

ಸುಮ್ಮನಾದ ಮೇಲೆ ಅವನು ಲೆಕ್ಕ ಹಾಕಿದ. ಅಣ್ಣ ಇಲ್ಲ. ಇದ್ದಿದ್ದರೆ ಓಗೊಡುತ್ತಿದ್ದ. ಹಗ್ಗ ಎಲ್ಲೋ ಕಲ್ಲಿಗೆ ಸಿಕ್ಕಿಕೊಂಡಿದೆ. ಯಾವಾಗ ಬೇಕಾದರೂ ಜಾರುತ್ತದೆ. ಎದುರು ಗೋಡೆಯಲ್ಲಿ ಅವನೇ ಕಡಿದ ಮೆಟ್ಟುಗುಳಿಗಳಿದ್ದವು. ಹಗ್ಗ ಬಿಡಿಸಿಕೊಂಡು ಆ ಕಡೆಗೆ ಹಾರಿದರೆ ಹಿಡಿತ ಸಿಗಬಹುದು. ಸಿಗದಿದ್ದರೆ ಕೆಳಗೆ ನೀರು. ಆದರೂ ಮೂಕ ಹಗ್ಗವನ್ನು ನಂಬುವುದಕ್ಕಿಂತ ತನ್ನ ಕೈಕಾಲನ್ನು ನಂಬುವುದೇ ಮೇಲು ಎಂದು ತೀರ್ಮಾನಿಸಿದ.

ಸೊಂಟದ ಗಂಟಿಗೆ ಕೈ ಹಾಕಿದ. ಭಾರ ಬಿದ್ದು ಬಿಗಿದಿದ್ದ ಗಂಟು ಬಿಚ್ಚಲಿಲ್ಲ. ಚಾಕು ತೆಗೆದ. ಹಗ್ಗ ಕೊಯ್ಯಬೇಕಾದರೆ ಅದನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿಯಬೇಕು. ಹಿಡಿದ.

ಹಗ್ಗ ನಡುಗುತ್ತಿತ್ತು.

ಅವನು ಚಾಕು ಹಿಡಿದ ಕೈಯನ್ನು ತಡೆದ. ಮತ್ತೆ ಹಿಡಿದು ನೋಡಿದ. ಸಣ್ಣ ನಡುಕ, ಎಡೆಬಿಡದ ನಡುಕ. ಬಾಲ್ಯದಿಂದ ಹಗ್ಗದ ಜೊತೆ ಬದುಕಿದವನು ಅವನು. ಗೂಟಕ್ಕೆ ಕಟ್ಟಿದ ಹಗ್ಗ ನಡುಗುವುದಿಲ್ಲ. ಕಲ್ಲಿಗೆ ಸಿಕ್ಕಿಕೊಂಡ ಹಗ್ಗವೂ ನಡುಗುವುದಿಲ್ಲ. ಮನುಷ್ಯನ ತೋಳುಗಳು ಮಾತ್ರ ಹಾಗೆ ನಡುಗುತ್ತವೆ. ಅದೂ ಹೊರಲಾರದ ಭಾರವನ್ನು ಹೊತ್ತು, ಬಿಡಲೊಲ್ಲದೆ ನಿಂತಾಗ.

ಮೇಲೆ ಕಿತ್ತುಬಂದದ್ದು ಏನೆಂದು ಅವನಿಗೆ ಆಗ ತಿಳಿಯಿತು.

ಅವನ ಸೊಂಟದಲ್ಲಿ ಒಂದು ಚೀಲವಿತ್ತು. ಸುತ್ತಿಗೆ, ಉಳಿಗಳು, ಬೆಣೆಗಳು, ಎಲ್ಲವೂ ಕಬ್ಬಿಣ. ಅಪ್ಪನ ಕಾಲದವು. ಊಟಕ್ಕೆ ಕೂತಾಗಲೂ ಅವನು ಆ ಚೀಲವನ್ನು ಬಿಚ್ಚಿಡುತ್ತಿರಲಿಲ್ಲ. ಹಗ್ಗಕ್ಕೆಂದು ತೆಗೆದ ಚಾಕುವಿನಿಂದ ಚೀಲದ ಪಟ್ಟಿಯನ್ನು ಕೊಯ್ದ. ಚೀಲ ನೀರಿಗೆ ಬಿತ್ತು. ಹಗ್ಗದ ನಡುಕ ಸ್ವಲ್ಪ ಇಳಿಯಿತು. ಆಮೇಲೆ ಅವನು ಕಾಲು ಬಡಿಯುವುದನ್ನು ನಿಲ್ಲಿಸಿದ. ಜೋತಾಡಿದರೆ ಹಿಡಿದವನಿಗೆ ಕಷ್ಟ.

“ಅಣ್ಣಾ” ಎಂದ. “ಬಿದ್ದದ್ದು ಚೀಲ, ನಾನಲ್ಲ. ನೀನು ಮಾತಾಡಬೇಡ. ಇವತ್ತು ನಾನು ಮಾತಾಡುತ್ತೇನೆ.”

ಅಣ್ಣ ಇಷ್ಟು ವರ್ಷ ಮೇಲಿನದನ್ನು ಕೆಳಗೆ ಹೇಳಿದಂತೆ ಅವನು ಕೆಳಗಿನದನ್ನು ಮೇಲಕ್ಕೆ ಹೇಳತೊಡಗಿದ.

“ನೀರು ಬಂತು, ಅಣ್ಣಾ. ಮುಖಕ್ಕೆ ಸಿಡಿಯಿತು, ನೆಕ್ಕಿ ನೋಡಿದೆ. ಸಿಹಿಯಾಗಿದೆ. ಊರಿನವರಿಗೆ ಹೇಳೋಣ. ನಮ್ಮತ್ತೆ ಬಂದರೆ ಕೊಡ ತೆಗೆದುಕೊಂಡು ಬಾ ಅಂತ ಹೇಳು. ಬರಿಗೈಯಲ್ಲಿ ಬಂದು ಬುದ್ಧಿ ಹೇಳಿ ಹೋಗುವುದು ಬೇಡ.”

ಮೇಲಿನಿಂದ ನಗು ಕೇಳಿಸಲಿಲ್ಲ, ಉತ್ತರವೂ ಕೇಳಿಸಲಿಲ್ಲ. ಅವನು ಅದಕ್ಕಾಗಿ ಕಾಯಲೂ ಇಲ್ಲ. ಒಂದು ಕೈಯಿಂದ ಹಗ್ಗವನ್ನು ಹಿಡಿದುಕೊಂಡೇ ಮಾತಾಡುತ್ತ ಹೋದ. ಆ ನಡುಕ ಇರುವ ತನಕ ಅವನಿಗೆ ಬೇರೆ ಉತ್ತರ ಬೇಕಿರಲಿಲ್ಲ.

ಊರಿನವರು ಊಟ ಮುಗಿಸಿ ಬಂದರು. ಓಡಿ ಬಂದು ಹಗ್ಗಕ್ಕೆ ಕೈ ಹಾಕಿದರು. ತಮ್ಮ ಮೇಲೆ ಬಂದ.

ಗೂಟ ಕಿತ್ತು ಒಂದು ಕಡೆ ಬಿದ್ದಿತ್ತು. ಅಣ್ಣ ಬಾವಿಯ ಬಾಯಿಯ ಬಂಡೆಗೆ ಎರಡೂ ಕಾಲು ಒತ್ತಿ ಕುಳಿತಿದ್ದ. ಹಗ್ಗ ಅವನ ಬೆನ್ನನ್ನು ಬಳಸಿ ತೋಳುಗಳನ್ನು ಸುತ್ತಿತ್ತು. ತಮ್ಮ ಮೇಲೆ ಬಂದು ನಿಂತ ಮೇಲೂ ಅವನ ಬೆರಳುಗಳು ಬಿಚ್ಚಲಿಲ್ಲ. ಜನರೇ ಒಂದೊಂದಾಗಿ ಬಿಡಿಸಿದರು. ಅಂಗೈಯ ಚರ್ಮ ಹಗ್ಗಕ್ಕೆ ಅಂಟಿಕೊಂಡು ಬಂತು. ಹಲ್ಲು ಕಚ್ಚಿಕೊಂಡಿತ್ತು, ಬಾಯಿ ತೆರೆಯಲು ಸ್ವಲ್ಪ ಹೊತ್ತು ಹಿಡಿಯಿತು.

“ಒಂದು ‘ಓ’ ಅಂದಿದ್ದರೆ ಸಾಕಿತ್ತಲ್ಲ, ಅಣ್ಣಾ” ಎಂದ ತಮ್ಮ.

“ಗೂಟ ನಿನ್ನನ್ನು ಹಿಡಿದಿದ್ದಾಗ ನಾನು ಮಾತಾಡುತ್ತಿದ್ದೆ” ಎಂದ ಅಣ್ಣ. “ಇವತ್ತು ಹಿಡಿದವನು ನಾನು. ಹಲ್ಲು ಸಡಿಲಿಸಿದ್ದರೆ ಕೈಯೂ ಸಡಿಲುತ್ತಿತ್ತು.”

ತಮ್ಮ ತಲೆ ತಗ್ಗಿಸಿದ. “ನಾನು ಬೈದದ್ದು ಕೇಳಿಸಿತೇ?”

“ಒಂದೂ ಬಿಡದೆ ಕೇಳಿಸಿತು. ಇಷ್ಟು ಜೋರಾಗಿ ಬೈಯುತ್ತಿದ್ದಾನೆ, ನೀರು ಇನ್ನೂ ಬಾಯಿಯವರೆಗೆ ಏರಿಲ್ಲ ಎಂದು ಸಮಾಧಾನವಾಯಿತು. ನಡುವೆ ನೀನು ಸುಮ್ಮನಾದೆ ನೋಡು, ಆಗ ಮಾತ್ರ ಹೆದರಿದೆ.”

ಅಣ್ಣನ ಕೈ ವಾಸಿಯಾದ ಮೇಲೆ ಅವರು ಮತ್ತೆ ಕಸುಬಿಗೆ ಹೋದರು. ಗೂಟವನ್ನು ಇನ್ನೂ ಆಳಕ್ಕೆ ಹೊಡೆದರು. ಅಣ್ಣ ಮೊದಲಿನ ಹಾಗೆಯೇ ಮಾತಾಡಿದ. ಕೆಲವು ದಿನ ದನಿ ಕೇಳಿಸುತ್ತಿತ್ತು, ಕೆಲವು ದಿನ ಗಾಳಿಗೆ ಕೇಳಿಸುತ್ತಿರಲಿಲ್ಲ. ಇನ್ನೂ ಭಯವಾಗುವುದಿಲ್ಲವೇ ಎಂದು ಯಾರೋ ತಮ್ಮನನ್ನು ಕೇಳಿದರು. “ಆಗುತ್ತದೆ” ಎಂದ ಅವನು. “ಆದರೆ ನಾನು ಆ ಅಂಗೈ ನೋಡಿದ್ದೇನೆ.” ಹಾಗೆಂದು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ.

ಗುರುಗಳು ಕತೆ ನಿಲ್ಲಿಸಿದರು.

ಶಾಂತರಾಜ ಕೀಲಿಯನ್ನು ನೋಡುತ್ತಿದ್ದ. ಅವನು ಸುಲಭಕ್ಕೆ ಒಪ್ಪುವವನಲ್ಲ. “ಆ ಅಣ್ಣ ಮನುಷ್ಯ, ಅಯ್ಯನವರೇ” ಎಂದ. “ಅವನ ಶಕ್ತಿಗೆ ಮಿತಿ ಇತ್ತು, ಅದಕ್ಕೆ ಹಲ್ಲು ಕಚ್ಚಿದ. ದೇವರಿಗೂ ಹಲ್ಲು ಕಚ್ಚಬೇಕಾಗುತ್ತದೆಯೇ?”

“ಕಚ್ಚಿದನಲ್ಲವೇ?” ಎಂದರು ಗುರುಗಳು. “ಮನುಷ್ಯನಾಗಿ ಬಂದದ್ದೇ ಅದಕ್ಕಾಗಿ. ಶಿಲುಬೆಯಿಂದ ಇಳಿದು ಬಾ, ಆಗ ನಂಬುತ್ತೇವೆ ಎಂದು ಕೆಳಗಿದ್ದವರು ಕೂಗಿದರು. ಅವನು ಅವರಿಗೆ ಉತ್ತರ ಕೊಡಲಿಲ್ಲ. ಆ ಹೊತ್ತು ಅವನ ಕೈಗಳಿಗೂ ಬಿಡುವಿರಲಿಲ್ಲ.”

ಶಾಂತರಾಜ ಮೆಲ್ಲಗೆ ಹೇಳಿದ. “ನಿಮ್ಮ ಕತೆಯಲ್ಲಿ ತಮ್ಮ ಮೇಲೆ ಬಂದ. ನನ್ನ ರಾಹೇಲ ಬರಲಿಲ್ಲ.”

“ಮೇಲೆ ಬಂದಿರುವವಳು ಅವಳು, ಶಾಂತರಾಜ, ಇನ್ನೂ ಬಾವಿಯಲ್ಲಿರುವವನು ನೀನು.”

ಶಾಂತರಾಜ ಕೀಲಿಯನ್ನು ಕೈಗೆ ತೆಗೆದುಕೊಂಡು ಬಿಗಿಯಾಗಿ ಹಿಡಿದ.